ಯುದ್ಧ, ದಂಗೆ, ಕ್ರಾಂತಿ ಮತ್ತು ನಮ್ಮ ಮೂರು ಜಿಲ್ಲೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಟೆ ನೋಡಲು ಬರುವ ಶಾಲೆ ಮಕ್ಕಳು, ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು, ಊರಿಗೆ ಬಂದ ನೆಂಟರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಮಾತು ಬಳ್ಳಾರಿ, ರಾಯಚೂರು, ಕೊಪ್ಪಳದ್ದು. ಆದರೆ ಇವುಗಳ ಕಥೆ ಹೇಳಲು ಹೊರಟರೆ ಪ್ಯಾರಿಸ್, ಈಜಿಪ್ಟ್, ಅಮೆರಿಕ ಎಲ್ಲವೂ ಬರುತ್ತವೆ. ಯಾಕೆ ಅಂತ ಓದುತ್ತಾ ಹೋದರೆ ಗೊತ್ತಾಗುತ್ತದೆ.

ಒಂದು ಯುದ್ಧ ನಿಜವಾಗಿ ಇತಿಹಾಸ ಬದಲಿಸಿತು ಅಂತ ಹೇಗೆ ಹೇಳೋದು?

ಯಾರು ಗೆದ್ದರು, ಎಷ್ಟು ಆನೆ ಇದ್ದವು ಅನ್ನೋದನ್ನು ಎಲ್ಲರೂ ಕೇಳುತ್ತಾರೆ. ನಾನು ಕೇಳಲು ಹೇಳುವ ಪ್ರಶ್ನೆ ಬೇರೆ. ಯುದ್ಧ ಮುಗಿದ ಮೇಲೆ ಹಳ್ಳಿಯ ರೈತ ಕಂದಾಯ ಯಾರಿಗೆ ಕಟ್ಟಿದ? ಗಡಿ ಎಲ್ಲಿ ಬಿತ್ತು? ಕಚೇರಿಯಲ್ಲಿ ಯಾವ ಭಾಷೆ ನಡೆಯಿತು? ಈ ಮೂರರಲ್ಲಿ ಒಂದೂ ಬದಲಾಗದಿದ್ದರೆ ಆ ಯುದ್ಧ ಎಷ್ಟೇ ದೊಡ್ಡದಾಗಿದ್ದರೂ ಬೇಗ ಮಾಸಿಹೋಗುತ್ತದೆ. ಬದಲಾದರೆ, ನೂರಾರು ವರ್ಷ ಕಳೆದರೂ ಅದರ ಫಲವನ್ನು ನಾವು ಉಣ್ಣುತ್ತಲೇ ಇರುತ್ತೇವೆ. ಕೆಳಗಿನ ಉತ್ತರಗಳನ್ನೆಲ್ಲ ಈ ಪ್ರಶ್ನೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬರೆದಿದ್ದೇನೆ.

ನಮ್ಮ ಸೀಮೆಯಲ್ಲೇ ಯಾಕೆ ಇಷ್ಟೊಂದು ಯುದ್ಧ ನಡೆದವು?

ಮೇಲೆ ಕೃಷ್ಣಾ, ಕೆಳಗೆ ತುಂಗಭದ್ರಾ. ನಡುವಿನ ನೆಲವೇ ರಾಯಚೂರು ದೋಆಬ್. 1336ರ ಹೊತ್ತಿಗೆ ತುಂಗಭದ್ರೆಯ ದಡದಲ್ಲಿ ವಿಜಯನಗರ ಹುಟ್ಟಿತು. 1347ರಲ್ಲಿ ಉತ್ತರದಲ್ಲಿ ಬಹಮನಿ ರಾಜ್ಯ ಹುಟ್ಟಿತು. ಆ ದಿನದಿಂದ ಈ ನೆಲ ಇಬ್ಬರಿಗೂ ಬೇಕಾಯಿತು.

ಇಲ್ಲಿ ಮಳೆ ಕಡಿಮೆ, ಬರ ಜಾಸ್ತಿ. ಹಾಗಿದ್ದರೂ ಯಾಕೆ ಬೇಕಿತ್ತು? ಎರೆ ಭೂಮಿಯ ಜೋಳ, ಹತ್ತಿಯಿಂದ ಬರುವ ಕಂದಾಯ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಭಯ. ದೋಆಬ್ ಕೈಲಿದ್ದರೆ ಶತ್ರು ಎರಡು ನದಿ ದಾಟಿ ಬರಬೇಕು. ಕೈತಪ್ಪಿದರೆ ಹಂಪಿಗೆ ತುಂಗಭದ್ರೆ ಒಂದೇ ಅಡ್ಡ. ಹಾಗಾಗಿ ರಾಯಚೂರು, ಮುದಗಲ್ಲು ಕೋಟೆಗಳು ಎಷ್ಟೋ ಸಲ ಕೈ ಬದಲಾಯಿಸಿದವು. ಮುದಗಲ್ಲಿನ ಅಕ್ಕಸಾಲಿಗನ ಮಗಳಿಗಾಗಿ 1406ರಲ್ಲಿ ಫಿರೋಜ್ ಷಾ ಬಹಮನಿಗೂ ಒಂದನೇ ದೇವರಾಯನಿಗೂ ಯುದ್ಧವಾಯಿತು ಅಂತ ಪರ್ಷಿಯನ್ ಭಾಷೆಯ ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. ಕಥೆ ಚೆನ್ನಾಗಿದೆ. ಆದರೆ ಆ ಹುಡುಗಿ ಇರದಿದ್ದರೂ ಯುದ್ಧ ಆಗುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಕಳಿಂಗ ಯುದ್ಧದ ಬಗ್ಗೆ ಮಸ್ಕಿ ಶಾಸನದಲ್ಲಿ ಬರೆದಿದೆಯಂತೆ, ನಿಜವಾ?

ಇಲ್ಲ. ಇದು ತುಂಬ ಜನಕ್ಕೆ ಇರುವ ತಪ್ಪು ಕಲ್ಪನೆ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಿದರು ಅಂತ ಅಶೋಕ ಪಶ್ಚಾತ್ತಾಪದಿಂದ ಬರೆಸಿದ್ದು ಅವನ 13ನೇ ದೊಡ್ಡ ಬಂಡೆ ಶಾಸನದಲ್ಲಿ. ಅದನ್ನು ಕಳಿಂಗದ ನೆಲದಲ್ಲಿ ಮಾತ್ರ ಬರೆಸಲಿಲ್ಲ. ಧೌಲಿ, ಜೌಗಡದ ಬಂಡೆಗಳಲ್ಲಿ ಆ ಭಾಗವನ್ನೇ ಬಿಟ್ಟಿದ್ದಾರೆ. ಗೆದ್ದವನ ಪಶ್ಚಾತ್ತಾಪವನ್ನು ಸೋತವರ ಕಣ್ಣಿಗೆ ತೋರಿಸಲಿಲ್ಲ. ಇದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಭಾರವಾಗುತ್ತದೆ.

ಮಸ್ಕಿಯದ್ದು ಚಿಕ್ಕ ಬಂಡೆ ಶಾಸನ. ಶ್ರದ್ಧೆಯಿಂದ ಪ್ರಯತ್ನ ಮಾಡಿದರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಧರ್ಮದ ದಾರಿಯಲ್ಲಿ ಮೇಲೇರಬಹುದು ಅನ್ನುವ ಮಾತು ಅದರಲ್ಲಿದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಇದನ್ನು ಕಂಡುಹಿಡಿದರು. 'ಅಶೋಕ' ಅನ್ನುವ ಹೆಸರು ಶಾಸನದಲ್ಲಿ ಮೊದಲು ಸಿಕ್ಕಿದ್ದು ಇಲ್ಲೇ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಕಡೆಯ ನಿಟ್ಟೂರು ಮತ್ತು ಉದೇಗೊಳದಲ್ಲೂ ಅವನ ಶಾಸನಗಳಿವೆ. ಮೂರೂ ಜಿಲ್ಲೆಯಲ್ಲಿ ಅಶೋಕನ ಮಾತು ಇದೆ ಅಂದರೆ ಸಣ್ಣ ವಿಷಯವಲ್ಲ.

ಗಂಡುಗಲಿ ಕುಮಾರರಾಮ ಸೋತವನು. ಆದರೂ ಜನ ಅವನನ್ನೇ ಯಾಕೆ ನೆನೆಯುತ್ತಾರೆ?

ಅವನು ಕಂಪಿಲಿಯ ರಾಜ ಕಂಪಿಲರಾಯನ ಮಗ, ಅವನ ಸೋಲಿನಿಂದಲೇ ಮುಂದಿನದೆಲ್ಲ ಶುರುವಾಯಿತು. ದೆಹಲಿಯ ಮುಹಮ್ಮದ್ ಬಿನ್ ತುಘಲಕ್ ವಿರುದ್ಧ ದಂಗೆ ಎದ್ದ ಬಹಾವುದ್ದೀನ್ ಗುರ್ಷಾಸ್ಪ್, ಕಂಪಿಲಿಯ ರಾಜನ ಹತ್ತಿರ ಆಶ್ರಯ ಕೇಳಿ ಬಂದ. ಕಂಪಿಲರಾಯ ಅವನನ್ನು ಒಪ್ಪಿಸಲಿಲ್ಲ. 1327ರ ಸುಮಾರಿಗೆ ದೆಹಲಿಯ ಸೈನ್ಯ ಬಂದು ಅವನ ಕೋಟೆ ಕುಮ್ಮಟದುರ್ಗವನ್ನು ಮುಗಿಸಿತು. ಆಶ್ರಯ ಕೇಳಿ ಬಂದವನು ಮುಸ್ಲಿಮ್, ಅವನಿಗಾಗಿ ರಾಜ್ಯ ಕಳೆದುಕೊಂಡವರು ನಮ್ಮವರು. ಇದನ್ನು ಮಕ್ಕಳಿಗೆ ಹೇಳಲೇಬೇಕು.

ಹತ್ತು ವರ್ಷದೊಳಗೆ ಅದೇ ತುಂಗಭದ್ರೆಯ ದಡದಲ್ಲಿ ಹರಿಹರ ಮತ್ತು ಬುಕ್ಕರ ರಾಜ್ಯ ಎದ್ದಿತು. ಕಂಪಿಲಿ ಬಿದ್ದು ಖಾಲಿಯಾದ ಜಾಗದಲ್ಲೇ ವಿಜಯನಗರ ಹುಟ್ಟಿದ್ದು. ಕುಮ್ಮಟದುರ್ಗ, ಹೇಮಗುಡ್ಡ ಇವೆಲ್ಲ ಗಂಗಾವತಿ ಕಡೆ ಇವೆ. ಹಂಪಿಗೆ ಬರುವವರಲ್ಲಿ ಅಲ್ಲಿಗೆ ಹೋಗುವವರು ತುಂಬ ಕಡಿಮೆ.

1520ರ ರಾಯಚೂರು ಯುದ್ಧದಲ್ಲಿ ಅಂಥದ್ದೇನಿತ್ತು?

ಮೊದಲು ನಡೆದದ್ದು ಹೇಳುತ್ತೇನೆ. ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ. ಕೋಟೆ ಉಳಿಸಲು ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾ ಕೃಷ್ಣಾ ನದಿ ದಾಟಿ ಬಂದ. ಮೇ ತಿಂಗಳು, ರಾಯಚೂರಿನ ಬಿಸಿಲು. ಬಿಜಾಪುರದ ಹತ್ತಿರ ತೋಪುಗಳು ಜಾಸ್ತಿ ಇದ್ದವು. ಮೊದಲ ಸುತ್ತಿನ ಗುಂಡಿಗೆ ವಿಜಯನಗರದ ಮುಂದಿನ ಸಾಲು ಚದುರಿಹೋಯಿತು. ಆಗ ರಾಯ ತಾನೇ ಮುಂದೆ ಬಂದು ಉಳಿದ ದಂಡನ್ನು ನುಗ್ಗಿಸಿದ. ಬಿಜಾಪುರದ ಸೈನ್ಯ ನದಿಯ ಕಡೆ ಓಡಿತು. ಎಷ್ಟೋ ಜನ ನೀರಿನಲ್ಲಿ ಮುಳುಗಿದರು. ತೋಪುಗಳೆಲ್ಲ ರಾಯನ ಕೈಗೆ ಸಿಕ್ಕವು.

ಆಮೇಲೆ ಕೋಟೆಯ ಸರದಿ. ಸೈನಿಕರು ಹಾರೆ, ಗುದ್ದಲಿ ಹಿಡಿದು ಗೋಡೆಯ ಕಲ್ಲು ಕೀಳುತ್ತಿದ್ದರು. ಕಿತ್ತ ಕಲ್ಲಿಗೆ ತಕ್ಕಂತೆ ಹಣ ಕೊಡುತ್ತಿದ್ದರು ಅಂತ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಮೇಲಿನಿಂದ ಕಲ್ಲು, ಬಾಣ ಸುರಿಯುತ್ತಿದ್ದವು. ಕ್ರಿಸ್ಟೋವಾ ಡಿ ಫಿಗೆರೆಡೊ ಎಂಬ ಪೋರ್ಚುಗೀಸನ ಬಂದೂಕು ಪಡೆ ಗೋಡೆ ಮೇಲೆ ತಲೆ ಎತ್ತಿದವರನ್ನು ಹೊಡೆಯತೊಡಗಿದ ಮೇಲೆ ಕೆಳಗಿನವರ ಕೆಲಸ ಸಲೀಸಾಯಿತು. ಕೋಟೆಯ ಮುಖ್ಯಸ್ಥನೇ ಗುಂಡಿಗೆ ಬಿದ್ದ. ಕೋಟೆ ಶರಣಾಯಿತು.

ನೂನಿಜ್ ವಿಜಯನಗರದ ದಂಡಿನಲ್ಲಿ ಏಳು ಲಕ್ಷ ಕಾಲಾಳು ಇದ್ದರು ಅನ್ನುತ್ತಾನೆ. ಅದನ್ನು ಪರೀಕ್ಷೆಯಲ್ಲಿ ಹಾಗೇ ಬರೆಯಬೇಡಿ. ಅಷ್ಟು ಜನಕ್ಕೆ ರಾಯಚೂರಿನ ಬೇಸಿಗೆಯಲ್ಲಿ ನೀರು ಎಲ್ಲಿಂದ ತರುವುದು?

ಇತಿಹಾಸ ಎಲ್ಲಿ ಬದಲಾಯಿತು ಅಂದರೆ, ಗೆದ್ದವರು ಕಲಿಯದೇ ಹೋದದ್ದರಲ್ಲಿ. ಕುದುರೆ ಮತ್ತು ಧೈರ್ಯದಿಂದಲೇ ತೋಪುಗಳನ್ನು ಗೆದ್ದೆವು ಅನ್ನುವ ನಂಬಿಕೆ ವಿಜಯನಗರಕ್ಕೆ ಬಂತು. ಸೋತ ಬಿಜಾಪುರ ತನ್ನ ತೋಪು, ಕೋಟೆ ಬುರುಜು ಎರಡನ್ನೂ ತಿದ್ದಿಕೊಂಡಿತು. ಕೆಲವು ಇತಿಹಾಸಕಾರರು ಹೀಗೆ ಹೇಳುತ್ತಾರೆ, ನನಗೂ ಇದು ಸರಿ ಅನ್ನಿಸುತ್ತದೆ. ಇನ್ನೊಂದು ಮಾತು. ಇಷ್ಟು ರಕ್ತ ಹರಿಸಿ ಗೆದ್ದ ರಾಯಚೂರು, ಕೃಷ್ಣದೇವರಾಯ ಸತ್ತ ಕೂಡಲೇ 1530ರ ಹೊತ್ತಿಗೆ ಮತ್ತೆ ಬಿಜಾಪುರದ ಪಾಲಾಯಿತು.

ತಾಳಿಕೋಟೆ ಯುದ್ಧ ಹಿಂದೂ ಮುಸ್ಲಿಮರ ನಡುವಿನ ಯುದ್ಧ ಅಲ್ವಾ?

1565ರ ಜನವರಿ 23ರಂದು ಒಂದು ಕಡೆ ಅಳಿಯ ರಾಮರಾಯ, ಇನ್ನೊಂದು ಕಡೆ ಬಿಜಾಪುರ, ಅಹ್ಮದ್‌ನಗರ, ಗೋಲ್ಕೊಂಡ, ಬೀದರ್ ಸುಲ್ತಾನರು ನಿಂತಿದ್ದು ನಿಜ. ಆದರೆ ಹಿಂದಿನ ವರ್ಷಗಳನ್ನು ನೋಡಿ. ರಾಮರಾಯ ಚಿಕ್ಕವನಿದ್ದಾಗ ಗೋಲ್ಕೊಂಡದ ಸುಲ್ತಾನನ ಹತ್ತಿರ ಕೆಲಸ ಮಾಡಿದ್ದ. ಬಿಜಾಪುರದ ಅಲಿ ಆದಿಲ್ ಷಾ ವಿಜಯನಗರಕ್ಕೆ ಬಂದು ರಾಮರಾಯನ ಮನೆಯ ಮಗನಂತೆ ಇದ್ದು ಹೋಗಿದ್ದ. ಸುಲ್ತಾನರು ಒಬ್ಬರ ಮೇಲೊಬ್ಬರು ಹೋಗುವಾಗ ರಾಮರಾಯ ಇವತ್ತು ಇವನ ಕಡೆ, ನಾಳೆ ಅವನ ಕಡೆ ನಿಲ್ಲುತ್ತಿದ್ದ. ಈ ಆಟ ಸಾಕಾಗಿಯೇ ಅವರೆಲ್ಲ ಒಂದಾದರು. ವಿಜಯನಗರದ ಸೈನ್ಯದಲ್ಲಿ ಮುಸ್ಲಿಮ್ ಸರದಾರರಿದ್ದರು, ಸುಲ್ತಾನರ ಸೈನ್ಯದಲ್ಲಿ ಮರಾಠರಿದ್ದರು. ದೋಆಬ್ ಯಾರದು, ದಖ್ಖನಿನಲ್ಲಿ ಮೇಲುಗೈ ಯಾರದು ಅನ್ನೋದೇ ಜಗಳದ ಬೇರು.

ಹಾಗಂತ ಹಂಪಿಯ ಲೂಟಿಯನ್ನು ಸಣ್ಣದು ಮಾಡಬಾರದು. ತಿಂಗಳುಗಟ್ಟಲೆ ಆ ಊರನ್ನು ಸುಟ್ಟರು, ಒಡೆದರು. ಎರಡು ವರ್ಷದ ಮೇಲೆ ಬಂದ ಇಟಲಿಯ ವ್ಯಾಪಾರಿ ಸೀಸರ್ ಫ್ರೆಡರಿಕ್, ಮನೆಗಳು ನಿಂತಿವೆ, ಒಳಗೆ ಜನ ಇಲ್ಲ, ಹುಲಿ ಓಡಾಡುತ್ತಿವೆ ಅಂತ ಬರೆದ. ರಾಜಧಾನಿ ಪೆನುಕೊಂಡೆಗೆ ಹೋಯಿತು. ಅಲ್ಲಿಂದ ಇನ್ನೂ ದಕ್ಷಿಣಕ್ಕೆ, ಪೂರ್ವಕ್ಕೆ ಹೋಯಿತು. ತುಂಗಭದ್ರೆಯ ದಡ ಒಂದು ದೊಡ್ಡ ರಾಜ್ಯದ ಕೇಂದ್ರವಾಗುವುದು ಅಲ್ಲಿಗೆ ಮುಗಿಯಿತು. ಆಮೇಲೆ ನಮ್ಮ ಸೀಮೆ ಯಾವಾಗಲೂ ಬೇರೆ ಯಾವುದೋ ರಾಜಧಾನಿಯ ಅಂಚಿನಲ್ಲೇ ಉಳಿಯಿತು. ಒಮ್ಮೆ ಬಿಜಾಪುರ, ಒಮ್ಮೆ ಹೈದರಾಬಾದ್, ಒಮ್ಮೆ ಮದ್ರಾಸ್. ನನ್ನ ಲೆಕ್ಕದಲ್ಲಿ ತಾಳಿಕೋಟೆಯ ನಿಜವಾದ ಪೆಟ್ಟು ಇದು.

ಫ್ರೆಂಚ್ ಕ್ರಾಂತಿಗೂ ಬಳ್ಳಾರಿಗೂ ಸಂಬಂಧ ಇದೆಯಾ?

ಇದೆ. ಹೈಸ್ಕೂಲಿನಲ್ಲಿ ಇವೆರಡನ್ನೂ ಬೇರೆ ಬೇರೆ ಪಾಠದಲ್ಲಿ ಓದುತ್ತೇವೆ, ಅದಕ್ಕೇ ಕಾಣುವುದಿಲ್ಲ.

ಕೊಪ್ಪಳದ ಕೋಟೆಯನ್ನು ಟಿಪ್ಪು ಸುಲ್ತಾನ್ 1786ರಲ್ಲಿ ಪಾಳೆಯಗಾರನಿಂದ ವಶಮಾಡಿಕೊಂಡು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಭದ್ರ ಮಾಡಿಸಿದ. 1788ರಲ್ಲಿ ಅವನ ರಾಯಭಾರಿಗಳು ಪ್ಯಾರಿಸ್‌ಗೆ ಹೋಗಿ 16ನೇ ಲೂಯಿಯನ್ನು ಕಂಡು ಸಹಾಯ ಕೇಳಿದರು. ಮರುವರ್ಷ ಅಲ್ಲಿ ಕ್ರಾಂತಿ ಆಯಿತು. ಫ್ರಾನ್ಸ್ ತನ್ನ ಮನೆಯ ಬೆಂಕಿಯಲ್ಲೇ ಮುಳುಗಿತು. 1790ರ ಕೊನೆಯಲ್ಲಿ ಹೈದರಾಬಾದಿನ ನಿಜಾಮ ಮತ್ತು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಗಳು ಕೊಪ್ಪಳಕ್ಕೆ ಮುತ್ತಿಗೆ ಹಾಕಿದವು. ಕೋಟೆ ಸುಮಾರು ಆರು ತಿಂಗಳು ಹಿಡಿದು ನಿಂತಿತು. ಬೆಂಗಳೂರು ಬಿದ್ದ ಸುದ್ದಿ ಬಂದ ಮೇಲೆಯೇ, 1791ರ ಏಪ್ರಿಲ್‌ನಲ್ಲಿ, ಒಳಗಿದ್ದವರು ಬಾಗಿಲು ತೆಗೆದರು.

ಮುಂದೆ 1798ರಲ್ಲಿ ನೆಪೋಲಿಯನ್ ಈಜಿಪ್ಟ್‌ಗೆ ಬಂದು ಇಳಿದ. ಅಲ್ಲಿಂದ ಭಾರತಕ್ಕೆ ಬಂದು ಟಿಪ್ಪುವಿನ ಕೈ ಹಿಡಿದರೆ ಏನು ಗತಿ ಅಂತ ಕಂಪನಿಗೆ ದಿಗಿಲಾಯಿತು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಒಳ್ಳೆಯ ನೆಪವೂ ಸಿಕ್ಕಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ರಾಜ್ಯವನ್ನು ಹಂಚಿಕೊಂಡರು. 1792ರ ಮತ್ತು 1799ರ ಹಂಚಿಕೆಯಲ್ಲಿ ಬಳ್ಳಾರಿ ಸೀಮೆ ನಿಜಾಮನಿಗೆ ಬಂತು. ಅವನ ಹತ್ತಿರ ಅದು ಬಹಳ ದಿನ ಉಳಿಯಲಿಲ್ಲ. ತನ್ನ ರಕ್ಷಣೆಗೆ ಇಟ್ಟುಕೊಂಡ ಕಂಪನಿ ಸೈನ್ಯದ ಖರ್ಚಿಗೆ ಅಂತ 1800ರಲ್ಲಿ ಅದನ್ನು ಕಂಪನಿಗೇ ಬಿಟ್ಟುಕೊಟ್ಟ. ಬಳ್ಳಾರಿ ಮದ್ರಾಸಿಗೆ ಸೇರಿತು. ರಾಯಚೂರು, ಕೊಪ್ಪಳ ಹೈದರಾಬಾದಿನಲ್ಲೇ ಉಳಿದವು. ಒಂದೇ ಭಾಷೆ, ಒಂದೇ ಊಟ, ಒಂದೇ ನದಿ. ಮಧ್ಯೆ ಒಂದೂವರೆ ಶತಮಾನದ ಗೆರೆ ಬಿತ್ತು.

ಮನ್ರೋ ರೈತರಿಗೆ ಒಳ್ಳೆಯದು ಮಾಡಿದನಾ?

ಥಾಮಸ್ ಮನ್ರೋ 1800ರಿಂದ 1807ರವರೆಗೆ ಬಿಟ್ಟುಕೊಟ್ಟ ಜಿಲ್ಲೆಗಳ ಮುಖ್ಯ ಕಲೆಕ್ಟರ್ ಆಗಿದ್ದ. ಪಾಳೆಯಗಾರರನ್ನು ಅಡಗಿಸಿದ. ಹೊಲ ಹೊಲ ಅಳೆಸಿ, ಜಮೀನ್ದಾರನನ್ನು ನಡುವೆ ಇಡದೆ ರೈತನ ಹೆಸರಿಗೇ ಕಂದಾಯ ಕಟ್ಟಿದ. ಇದೇ ರೈತವಾರಿ ಪದ್ಧತಿ. ರೈತ ತನ್ನ ಹೊಲಕ್ಕೆ ತಾನೇ ಪಟ್ಟಾದಾರನಾದ. ಇದು ದೊಡ್ಡ ಬದಲಾವಣೆ, ಒಳ್ಳೆಯದೂ ಹೌದು.

ಆದರೆ ಕಂದಾಯದ ದರ ಭಾರವಾಗಿತ್ತು. ಬೆಳೆ ಬಂದರೂ ಬರದಿದ್ದರೂ ನಗದು ಕಟ್ಟಬೇಕು. ಸಾಲ ಕೊಡುವವರ ಮನೆ ಬಾಗಿಲಿಗೆ ಹೋಗುವುದು ತಪ್ಪಲಿಲ್ಲ. 1876ರಿಂದ 1878ರ ದೊಡ್ಡ ಬರದಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಮನ್ರೋ ವೈಯಕ್ತಿಕವಾಗಿ ಜನರ ಕಷ್ಟ ಕೇಳುವ ಅಧಿಕಾರಿ ಆಗಿದ್ದ, ಈ ಸೀಮೆಯ ಪ್ರವಾಸದಲ್ಲೇ 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತ. ಆ ಮನುಷ್ಯನ ಮೇಲೆ ಗೌರವ ಇಟ್ಟುಕೊಂಡೇ ಅವನ ಕಂದಾಯವನ್ನು ಪ್ರಶ್ನಿಸಬಹುದು.

ವಾಟರ್ಲೂ ಗೆದ್ದ ವೆಲ್ಲಿಂಗ್ಟನ್ ರಾಯಚೂರು ಕಡೆ ಬಂದಿದ್ದನಂತೆ?

ಬಂದಿದ್ದ. ಆಗ ಅವನು ಬರೀ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ತಮ್ಮ. ಟಿಪ್ಪು ಸತ್ತ ಮೇಲೆ ಸ್ವಂತ ಪಡೆ ಕಟ್ಟಿ ತಿರುಗಿಬಿದ್ದ ಧೋಂಡಿಯಾ ವಾಘ್‌ನನ್ನು ಬೆನ್ನಟ್ಟಿ ದೋಆಬಿಗೆ ಬಂದ. 1800ರ ಸೆಪ್ಟೆಂಬರ್ 10ರಂದು ಕೋನಗಲ್ ಹತ್ತಿರ ಧೋಂಡಿಯಾ ಸತ್ತ. ಅವನ ಪುಟ್ಟ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿಯೇ ಸಾಕುವ ಹೊಣೆ ಹೊತ್ತ. ಹದಿನೈದು ವರ್ಷದ ಮೇಲೆ ವಾಟರ್ಲೂ.

1857ರ ದಂಗೆ ನಮ್ಮ ಕಡೆ ಆಗಿತ್ತಾ?

ಆಗಿತ್ತು, 1858ರಲ್ಲಿ. ಜನರ ಹತ್ತಿರ ಇದ್ದ ಆಯುಧಗಳನ್ನು ಕಸಿದುಕೊಳ್ಳುವ ಕಾನೂನು ಬಂದಿತ್ತು. ಹಮ್ಮಿಗಿಯ ಕೆಂಚನಗೌಡನ ಮನೆಯಲ್ಲಿ ಬಚ್ಚಿಟ್ಟ ಆಯುಧ ಅಧಿಕಾರಿಗಳಿಗೆ ಸಿಕ್ಕಿದ್ದೇ ಕಿಡಿಯಾಯಿತು. ಮುಂಡರಗಿ ಭೀಮರಾಯ ಒಮ್ಮೆ ಕಂಪನಿ ಸರ್ಕಾರದಲ್ಲೇ ಅಧಿಕಾರಿಯಾಗಿದ್ದವನು. ಇಬ್ಬರೂ ಸೇರಿ ಡಂಬಳದ ಖಜಾನೆ ಹೊಡೆದರು, ಕೊಪ್ಪಳ ಕೋಟೆ ಹಿಡಿದರು. ನರಗುಂದದ ಬಾಬಾಸಾಹೇಬನೂ ಅದೇ ದಿನಗಳಲ್ಲಿ ಎದ್ದ. ಜೂನ್ ಮೊದಲಲ್ಲಿ ಬ್ರಿಟಿಷ್ ಸೈನ್ಯ ಕೊಪ್ಪಳ ಕೋಟೆಗೆ ನುಗ್ಗಿತು. ಭೀಮರಾಯ, ಕೆಂಚನಗೌಡ ಇಬ್ಬರೂ ಹೋರಾಡುತ್ತಲೇ ಸತ್ತರು. ಹಿಡಿದವರಲ್ಲಿ ತುಂಬ ಜನರನ್ನು ಕೊಂದರು.

ಇದಕ್ಕೂ ಮೊದಲು, 1819ರಲ್ಲಿ, ವೀರಪ್ಪ ಎಂಬವನು ನಿಜಾಮನ ಆಡಳಿತದ ವಿರುದ್ಧ ಎದ್ದು ಇದೇ ಕೋಟೆ ಹಿಡಿದಿದ್ದ. ಅವನ ಹೆಸರು ಇವತ್ತು ಕೊಪ್ಪಳದಲ್ಲೇ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಆ ದಂಗೆ ಸೋತಿತು. ಹಾಗಾದರೆ ಏನೂ ಬದಲಾಗಲಿಲ್ಲ ಅಲ್ವಾ?

ತುಂಬ ಬದಲಾಯಿತು, ಆದರೆ ದಂಗೆ ಎದ್ದವರು ಬಯಸಿದಂತೆ ಅಲ್ಲ. ಕಂಪನಿ ಹೋಗಿ ರಾಣಿಯ ಸರ್ಕಾರ ಬಂತು, ಅದನ್ನು ಎಲ್ಲರೂ ಓದಿರುತ್ತೀರಿ. ನಮ್ಮ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. 1853ರಲ್ಲಿ ಸಾಲದ ಬಾಬ್ತಿಗೆ ನಿಜಾಮ ಬೇರಾರ್, ಧಾರಾಶಿವ ಮತ್ತು ರಾಯಚೂರು ದೋಆಬನ್ನು ಬ್ರಿಟಿಷರ ಆಡಳಿತಕ್ಕೆ ಬಿಟ್ಟಿದ್ದ. ಅಂದರೆ ರಾಯಚೂರೂ ಬ್ರಿಟಿಷ್ ಆಡಳಿತಕ್ಕೆ ಹೋಗಿತ್ತು. ದಂಗೆಯ ಕಾಲದಲ್ಲಿ ನಿಜಾಮ ಮತ್ತು ಅವನ ದಿವಾನ ಸಾಲಾರ್ ಜಂಗ್ ಬ್ರಿಟಿಷರ ಪರ ನಿಂತರು. ಅದರ ಬಹುಮಾನವಾಗಿ 1860ರಲ್ಲಿ ರಾಯಚೂರು ದೋಆಬ್, ಧಾರಾಶಿವ ಎರಡನ್ನೂ ವಾಪಸ್ ಕೊಟ್ಟರು. ಬೇರಾರ್ ಕೊಡಲಿಲ್ಲ.

ಬೇರಾರಿನ ಜನ 1947ರ ಆಗಸ್ಟ್ 15ರಂದೇ ಸ್ವತಂತ್ರ ಭಾರತದಲ್ಲಿದ್ದರು. ರಾಯಚೂರಿನ ಜನ ಇನ್ನೂ 13 ತಿಂಗಳು ಕಾಯಬೇಕಾಯಿತು. 1948ರಲ್ಲಿ ಅನುಭವಿಸಿದ ಕಷ್ಟದ ಬೀಜ 1860ರ ಆ ಬಹುಮಾನದಲ್ಲಿದೆ. ಕೊಪ್ಪಳವಂತೂ ಸಾಲಾರ್ ಜಂಗ್ ಮನೆತನದ ಜಾಗೀರೇ ಆಗಿತ್ತು.

ದೂರದ ಯುದ್ಧಗಳು ನಮ್ಮ ರೈತರನ್ನು ತಟ್ಟಿದ್ದು ಉಂಟಾ?

ಅಮೆರಿಕದ ಅಂತರ್ಯುದ್ಧ, 1861ರಿಂದ 1865. ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ಗಿರಣಿ ಮಾಲೀಕರು ಭಾರತದ ಕಡೆ ತಿರುಗಿದರು. ಧಾರವಾಡ, ಬಳ್ಳಾರಿ ಕಡೆಯ ಎರೆ ಹೊಲದ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಯುದ್ಧ ಮುಗಿದದ್ದೇ ತಡ, ಬೆಲೆ ಕುಸಿಯಿತು. ಇವತ್ತು ರಾಯಚೂರು ಎಪಿಎಂಸಿಯಲ್ಲಿ ಹತ್ತಿ ಮಾರಲು ನಿಂತ ರೈತನಿಗೆ, ದೂರದ ದೇಶದ ಸುದ್ದಿಗೆ ದರ ಇಳಿಯುವುದು ಹೊಸದೇನಲ್ಲ.

ಬಳ್ಳಾರಿಯ ದಂಡು ಪ್ರದೇಶ ಮತ್ತು ಜೈಲಿಗೂ ದೂರದ ಜಗಳಗಳು ಬಂದವು. ಮೊದಲ ಮಹಾಯುದ್ಧದಲ್ಲಿ ಟರ್ಕಿಯ ಯುದ್ಧಕೈದಿಗಳನ್ನು ಬಳ್ಳಾರಿಯಲ್ಲಿ ಇಟ್ಟಿದ್ದರು. 1921ರ ಕೇರಳದ ಮಲಬಾರ್ ದಂಗೆಯ ಮಾಪಿಳ್ಳೆ ಮುಸ್ಲಿಮ್ ಕೈದಿಗಳನ್ನೂ ಇಲ್ಲಿಗೆ ತಂದರು. ಆ ನವೆಂಬರ್‌ನಲ್ಲಿ ತಿರೂರಿನಿಂದ ಬಳ್ಳಾರಿ ಜೈಲಿಗೆಂದು ಹೊರಟ ಮುಚ್ಚಿದ ರೈಲು ಡಬ್ಬಿಯಲ್ಲಿ ಸುಮಾರು 100 ಜನರನ್ನು ತುಂಬಿದ್ದರು. ಗಾಳಿ ಇಲ್ಲದೆ 60ಕ್ಕೂ ಹೆಚ್ಚು ಜನ ದಾರಿಯಲ್ಲೇ ಸತ್ತರು. ಅವರು ಬಳ್ಳಾರಿಗೆ ಬಂದು ಮುಟ್ಟಲೇ ಇಲ್ಲ. ಆದರೂ ಬಳ್ಳಾರಿಯ ಇತಿಹಾಸದಲ್ಲಿ ಅವರಿಗೆ ಜಾಗ ಇರಬೇಕು.

1948ರ ಸೆಪ್ಟೆಂಬರ್ 17ರಂದು ನಿಜವಾಗಿ ಏನಾಯಿತು?

ನಿಜಾಮ ಭಾರತಕ್ಕೆ ಸೇರಲು ಒಪ್ಪಲಿಲ್ಲ. ನಿಜಾಮನ ಪರ ನಿಂತ ಕಾಸಿಂ ರಜ್ವಿಯ ಖಾಸಗಿ ಪಡೆಯಾದ ರಜಾಕಾರರು ಹಳ್ಳಿಗಳಲ್ಲಿ ಲೂಟಿ, ಕೊಲೆ, ಬೆಂಕಿ ಹಚ್ಚುವುದು ನಡೆಸಿದರು. ಸ್ವಾಮಿ ರಮಾನಂದ ತೀರ್ಥರ ಮುಂದಾಳತ್ವದಲ್ಲಿ ಸ್ಟೇಟ್ ಕಾಂಗ್ರೆಸ್ ಹೋರಾಡಿತು. ಗಡಿಯಾಚೆ ಮುಂಡರಗಿ, ಗಜೇಂದ್ರಗಡದಂಥ ಕಡೆ ಶಿಬಿರ ಹಾಕಿ, ರಾತ್ರಿ ಹೊತ್ತು ಒಳಗೆ ಬಂದು ಹೋರಾಟ ಮಾಡುತ್ತಿದ್ದರು. ಮುಂಡರಗಿ ಶಿಬಿರವನ್ನು ನಡೆಸಿದ ಅಳವಂಡಿಯ ಶಿವಮೂರ್ತಿಸ್ವಾಮಿಗಳ ಹೆಸರು ಕೊಪ್ಪಳದ ಹಿರಿಯರ ಬಾಯಲ್ಲಿ ಇವತ್ತಿಗೂ ಇದೆ. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಗೆ ಬಂತು. ಐದನೇ ದಿನ, 17ರಂದು, ನಿಜಾಮ ಕೈಚೆಲ್ಲಿದ. ಮರುದಿನ ಅವನ ಸೇನಾಪತಿ ಎಲ್ ಎದ್ರೂಸ್ ಜನರಲ್ ಚೌಧರಿ ಮುಂದೆ ಶರಣಾದ.

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ಆಮೇಲಿನ ದಿನಗಳಲ್ಲಿ ಹಳೆ ಹೈದರಾಬಾದ್ ರಾಜ್ಯದ ಹಲವು ಜಿಲ್ಲೆಗಳಲ್ಲಿ, ರಜಾಕಾರರಿಗೂ ತಮಗೂ ಸಂಬಂಧವೇ ಇಲ್ಲದ ಬಡ ಮುಸ್ಲಿಮರ ಮೇಲೆ ಸೇಡು ತೀರಿಸಿಕೊಂಡರು. ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ, ಸತ್ತವರು ಕಡಿಮೆ ಅಂದರೂ 27,000ದಿಂದ 40,000 ಅಂತ ಅಂದಾಜು ಮಾಡಿತು. ರಜಾಕಾರರಿಂದ ಸತ್ತವರನ್ನೂ, ಆಮೇಲೆ ಸತ್ತವರನ್ನೂ ಒಂದೇ ದುಃಖದಿಂದ ನೆನೆಯಲು ನಮಗೆ ಆಗಬೇಕು.

ಬದಲಾದದ್ದು ಏನು? 1949ರಲ್ಲಿ ಜಾಗೀರುಗಳು ರದ್ದಾದವು. 1950ರಲ್ಲಿ ಗೇಣಿದಾರರಿಗೆ ಕಾನೂನಿನ ಆಸರೆ ಬಂತು. ಪಕ್ಕದ ತೆಲಂಗಾಣದ ಸಶಸ್ತ್ರ ರೈತ ಹೋರಾಟದ ಒತ್ತಡವೂ ಅದರ ಹಿಂದೆ ಇತ್ತು. ಉರ್ದುವಿನಲ್ಲಿ ನಡೆಯುತ್ತಿದ್ದ ಕಚೇರಿಗಳಿಗೆ ನಿಧಾನವಾಗಿ ಕನ್ನಡ ಬಂತು.

ಬಳ್ಳಾರಿ ನಿಜಾಮನ ರಾಜ್ಯದಲ್ಲಿ ಇರಲಿಲ್ಲ. ಮತ್ತೆ ಹಳೆ ಹೈದರಾಬಾದ್ ಸೀಮೆಗೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಯಾಕೆ ಅನ್ವಯಿಸುತ್ತದೆ?

ಸರಿಯಾದ ಪ್ರಶ್ನೆ. 1800ರ ಮೇಲೆ ಬಳ್ಳಾರಿ ಮದ್ರಾಸಿನಲ್ಲಿತ್ತು. ತೆಲುಗರಿಗೆ ಬೇರೆ ರಾಜ್ಯ ಬೇಕು ಅಂತ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ಸತ್ತ ಮೇಲೆ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅದೇ ದಿನ ಬಳ್ಳಾರಿ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲ್ಲೂಕು ಯಾರಿಗೆ ಅನ್ನೋದನ್ನು ನ್ಯಾಯಮೂರ್ತಿ ಮಿಶ್ರಾ ನೋಡಿ ಹೇಳಬೇಕಾಯಿತು. ಬಳ್ಳಾರಿ ಕನ್ನಡ ನಾಡಿಗೇ ಸೇರಬೇಕು ಅನ್ನುವ ಚಳವಳಿಯಲ್ಲಿ ಬಳ್ಳಾರಿಯ ಪಿಂಜಾರ ರಂಜಾನ್ ಸಾಬ್ ಪ್ರಾಣ ಕೊಟ್ಟರು. 1956ರ ನವೆಂಬರ್ 1ರಂದು ರಾಯಚೂರು ಬಂತು, ಅದರ ಗದ್ವಾಲ್, ಆಲಂಪುರ ಆಂಧ್ರಕ್ಕೆ ಹೋದವು. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ.

2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371ಜೆ, ಹಿಂದುಳಿದ ಸ್ಥಿತಿ ನೋಡಿ ಬಳ್ಳಾರಿಯನ್ನೂ ಒಳಗೆ ಸೇರಿಸಿತು. ಇಲ್ಲಿ ಓದು, ನೌಕರಿಯ ಮೀಸಲಾತಿ ಅನುಭವಿಸುವ ಪ್ರತಿ ಹುಡುಗ ಹುಡುಗಿಯೂ ಹಳೆಯ ಯುದ್ಧಗಳು ಎಳೆದ ಗೆರೆಯ ಮೇಲೆ ನಿಂತಿದ್ದಾರೆ.

ಸಿಂಧನೂರಿನ ಕ್ಯಾಂಪುಗಳಲ್ಲಿ ಬಂಗಾಳಿಗಳು ಯಾಕೆ ಇದ್ದಾರೆ?

ದೇಶ ಒಡೆದದ್ದರಿಂದ, ಪೂರ್ವ ಪಾಕಿಸ್ತಾನದ ಗಲಭೆಗಳಿಂದ ಮನೆ ಬಿಟ್ಟು ಓಡಿಬಂದವರು ಅವರು. ಸರ್ಕಾರ ಅವರಿಗೆ ಸಿಂಧನೂರು ತಾಲ್ಲೂಕಿನಲ್ಲಿ ಜಮೀನು ಕೊಟ್ಟು ನೆಲೆ ಮಾಡಿಸಿತು. ನಾವು ಆರ್‌.ಎಚ್‌. ಕ್ಯಾಂಪ್, ಅಂದರೆ ಪುನರ್ವಸತಿ ಕ್ಯಾಂಪ್, ಅನ್ನುವುದು ಅವನ್ನೇ. ಜಮೀನು ಕೊಡಲು ಆದದ್ದು ತುಂಗಭದ್ರಾ ನೀರು ಬಂದದ್ದರಿಂದ. ಆ ಅಣೆಕಟ್ಟಿಗೆ 1945ರಲ್ಲಿ, ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗ, ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ಅಡಿಗಲ್ಲು ಹಾಕಿದ್ದವು. ಶತಮಾನಗಳ ಕಾಲ ಕಾದಾಡಿದ ಎರಡು ದಡಗಳು ಒಟ್ಟಿಗೆ ಕಟ್ಟಿದ್ದು ಅದು. ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ನೀರು ಸರಿಯಾಗಿ ಮುಟ್ಟುತ್ತಿಲ್ಲ ಅನ್ನುವ ನೋವು ಬೇರೆ ಇದೆ. ಆದರೂ ಈ ಸೀಮೆಯ ಹೊಟ್ಟೆ ತುಂಬಿಸಿದ್ದು ಯಾವ ಕೋಟೆಯೂ ಅಲ್ಲ, ಆ ಕಾಲುವೆ.

ಕತ್ತಿ ಹಿಡಿಯದ ಕ್ರಾಂತಿ ನಮ್ಮ ಕಡೆ ಆಗಿದೆಯಾ?

12ನೇ ಶತಮಾನದ ಕಲ್ಯಾಣದ ಶರಣರ ಚಳವಳಿ. ಅದರಲ್ಲಿ ರಾಯಚೂರು ಜಿಲ್ಲೆಯ ಪಾಲು ದೊಡ್ಡದು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಬೀದಿಯಲ್ಲಿ ಬಿದ್ದ ಅಕ್ಕಿ ಆಯ್ದು ಬದುಕುತ್ತಿದ್ದರು. ಒಂದು ದಿನ ಗಂಡ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ತಂದಾಗ, ಈ ಆಸೆ ನಮಗೆ ಯಾಕೆ, ವಾಪಸ್ ಸುರಿದು ಬನ್ನಿ ಅಂತ ಲಕ್ಕಮ್ಮ ಕಳಿಸಿದಳು. ಆ ಚಳವಳಿಯ ಕೊನೆ ಮಾತ್ರ ರಕ್ತದಲ್ಲೇ ಆಯಿತು. ಆದರೆ ಬಿಜ್ಜಳನ ರಾಜ್ಯ ಹೋಗಿ ಎಷ್ಟೋ ಶತಮಾನವಾಯಿತು, ಲಕ್ಕಮ್ಮನ ಮಾತು ಉಳಿದಿದೆ.

ರಾಜರ ಹೆಸರೇ ಎಲ್ಲ ಕಡೆ. ಸತ್ತ ಸಿಪಾಯಿಗಳ ಹೆಸರು ಎಲ್ಲೂ ಇಲ್ವಾ?

ಇದೆ, ನಿಮ್ಮ ಊರಲ್ಲೇ. ಅಗಸಿ ಬಾಗಿಲ ಹತ್ತಿರ, ಹನುಮಪ್ಪನ ಗುಡಿ ಪಕ್ಕ, ಕೆರೆ ಏರಿಯ ಮೇಲೆ ವೀರಗಲ್ಲು ಹುಡುಕಿ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅವನನ್ನು ಮೇಲಕ್ಕೆ ಕರೆದೊಯ್ಯುವ ಹೆಣ್ಣುಗಳು, ಮೇಲೆ ಲಿಂಗದ ಮುಂದೆ ಕೂತ ವೀರ. ಎಷ್ಟೋ ಜನ ಸತ್ತದ್ದು ರಾಜ್ಯಕ್ಕಾಗಿ ಅಲ್ಲ, ಊರ ದನ ಬಿಡಿಸಲು ಹೋಗಿ. ಆ ಕಲ್ಲುಗಳಿಗೆ ಸುಣ್ಣ, ಪೇಂಟ್ ಬಳಿಯಬೇಡಿ. ಬಟ್ಟೆ ಒಗೆಯಲು ಹಾಸಿದ್ದರೆ ಎತ್ತಿ ನಿಲ್ಲಿಸಿ. ಅಕ್ಷರ ಕಂಡರೆ ಫೋಟೊ ತೆಗೆದು ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೆ ತೋರಿಸಿ.

ಮಕ್ಕಳನ್ನು ಕರೆದುಕೊಂಡು ಹೋಗಲು ಎಲ್ಲಿಂದ ಶುರು ಮಾಡಲಿ?

ರಾಯಚೂರಿನಿಂದ. ಕೋಟೆ ಬಸ್‌ಸ್ಟ್ಯಾಂಡ್ ಪಕ್ಕದಲ್ಲೇ ಇದೆ. 1294ರ ಶಾಸನ ಇರುವ ಉದ್ದನೆಯ ಕಲ್ಲಿನ ಚಪ್ಪಡಿಯನ್ನೂ, ಅದನ್ನು ಬಂಡಿಯಲ್ಲಿ ಎಳೆದು ತರುತ್ತಿರುವ ಚಿತ್ರವನ್ನೂ ಗೋಡೆಯಲ್ಲಿ ತೋರಿಸಿ. ಆ ಕಲ್ಲು ಎಳೆದವರು ಯಾರು ಅಂತ ಮಕ್ಕಳನ್ನೇ ಕೇಳಿ. ಇನ್ನೊಂದು ದಿನ ಮಸ್ಕಿ, ಮುದಗಲ್ಲು ಒಟ್ಟಿಗೆ ಮಾಡಿ. ಕೊಪ್ಪಳದಲ್ಲಿ ಬೆಳಿಗ್ಗೆ ಗವಿಮಠದ ಬೆಟ್ಟದ ಶಾಸನ, ಆಮೇಲೆ ಕೋಟೆ, ಮಧ್ಯಾಹ್ನದ ಮೇಲೆ ಆನೆಗೊಂದಿ. ಬಳ್ಳಾರಿ ಗುಡ್ಡದ ಕೋಟೆಯನ್ನು ನವೆಂಬರ್‌ನಿಂದ ಫೆಬ್ರವರಿ ನಡುವೆ ಹತ್ತಿ. ಹೈದರ್ ಅಲಿ ಪಕ್ಕದ ಗುಡ್ಡ ಎತ್ತರ ಇದೆ ಅಂತ ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರನ್ನು ಗಲ್ಲಿಗೆ ಹಾಕಿದ ಅಂತ ಅಲ್ಲಿ ಯಾರಾದರೂ ಹೇಳುತ್ತಾರೆ. ಅದು ಜನ ಹೇಳಿಕೊಂಡು ಬಂದ ಕಥೆ ಅಂತ ಹೇಳಿಯೇ ಮಕ್ಕಳಿಗೆ ತಿಳಿಸಿ. ಮೇಲೆ ನೆರಳು ಕಡಿಮೆ, ಟೋಪಿ ಮತ್ತು ಜಾಸ್ತಿ ನೀರು ಇರಲಿ.